ಹತ್ತು ವರ್ಷದ ವಿಸ್ತರಣೆ

"ಪಾರ್ಲಿಮೆಂಟಲ್ಲಿ ಇವತ್ತು ಮಸೂದೆ ಪಾಸಾದ್ರೆ ಸರ್ಕಾರದ ಸೋಲಾರ್ ಯೋಜನೆ ಇನ್ನೂ ಹತ್ತು ವರ್ಷ ಮುಂದುವರಿಯುತ್ತೆ. ಅದಕ್ಕೆಂದೇ ಕೊಟ್ಟಿರೋ ನನ್ನ ಕೆಲಸಾನೂ ಉಳಿಯುತ್ತೆ," ಅಂದ ಲೈನ್‌ಮನ್ ತಿಪ್ಪೇಶಿ. ಬೀದಿಯ ಲೈನ್ ಆಫ್ ಮಾಡಿಸಿ, ರಿಪೇರಿಗೆಂದು ಕಂಬ ಹತ್ತಲು ಹೊರಟಿದ್ದ. "ಟೀವಿ ನೋಡೋಕೆ ನಮ್ಮ ಸೋಲಾರ್ ಹಾಕ್ಕೋ. ಮೊದಲು ಮೇನ್ ಸ್ವಿಚ್ ಇಳಿಸು, ಇಲ್ಲಾಂದ್ರೆ ಕರೆಂಟು ಹೊರಗಿನ ತಂತಿಗೂ ಹರಿಯುತ್ತೆ."

"ಎಷ್ಟು ಸಲ ಹೇಳ್ತೀರಿ!" ಅಂದಳು ಹೆಂಡತಿ ಓಬಮ್ಮ.

ಮಸೂದೆಯನ್ನು ಮತಕ್ಕೆ ಹಾಕುವ ಹೊತ್ತಿಗೆ ಅವಳು ಸೋಲಾರ್ ಸ್ವಿಚ್ ಒತ್ತಿ ಟೀವಿ ಮುಂದೆ ಕೂತಳು. ಮಸೂದೆ ಪಾಸಾಯಿತು. ಗಂಡನಿಗೆ ಹೇಳಲು ಬಾಗಿಲಿಗೆ ಓಡಿದಳು.

"ನಿನ್ನ ಗಂಡ ಭಾರಿ ಚುರುಕು ಕಣೇ ಓಬಮ್ಮ," ಎದುರುಮನೆ ಜಯಕ್ಕ ನಗುತ್ತ ಕೂಗಿದಳು. "ಆಗಲೇ ನಮ್ಮನೆಗೂ ಕರೆಂಟು ಬಂತು!"

ಓಬಮ್ಮ ಗೋಡೆಯತ್ತ ತಿರುಗಿದಳು. ಮೇನಿನ ಹಿಡಿ ಮೇಲೇ ಇತ್ತು.