ಗೋಡೆ ಕೇಳುವ ಹೊತ್ತು

ಗೋಡೆ ಹೇಗಿದ್ದೀರಿ ಎಂದು ಕೇಳುವುದು ದಿನಕ್ಕೆ ಒಂದೇ ಸಲ, ದೀಪ ಹಚ್ಚುವ ಹೊತ್ತಿಗೆ. ಮನೆಮನೆಗೂ ಈ ಮಾತಾಡುವ ಗೋಡೆ ಹಾಕಿಸಿದ ವಾರ್ಡ್ ಕಚೇರಿ, ಎಲ್ಲರೂ ಮನೆಯಲ್ಲಿ ಸಿಗುತ್ತಾರೆಂದು ಆ ಹೊತ್ತನ್ನೇ ಗೊತ್ತುಮಾಡಿತ್ತು. ಮನೆಯವರು ತಮ್ಮ ಬಾಯಿಂದಲೇ ಕಷ್ಟ ಹೇಳಿಕೊಂಡರೆ ಮಾತ್ರ ಗೋಡೆ ಕೆಂಪಾಗುತ್ತದೆ, ಡಾಕ್ಟರ ಗಾಡಿ ಹೊರಡುತ್ತದೆ. ಬೇರೆಯವರ ದನಿಗೆ ಅದು ಕಿವಿಗೊಡುವುದಿಲ್ಲ. ವಾರ್ಡಿನ ಆರೈಕೆ ಕೆಲಸದ ಸ್ಟೆಲ್ಲಾ ಹದಿನೈದು ದಿನದಿಂದ ದೊಡ್ಡತಾಯಮ್ಮನ ಮನೆಯ ಗೋಡೆಯೆದುರು ಗಂಟಲು ಹರಿಯುವಂತೆ ಕೂಗಿ ಸೋತಿದ್ದಳು.

ಅಜ್ಜಿಯ ಪಾದದ ಹುಣ್ಣಿನ ಕಪ್ಪು ಈಗ ಮೊಣಕಾಲಿನ ತನಕ ಏರಿತ್ತು. ವಾಸನೆ ತಡೆಯಲಾರದೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದರು.

"ಅಜ್ಜಿ, ಇವತ್ತೊಂದು ದಿನ ನೋವು ಅನ್ನಿ. ಒಂದೇ ಮಾತು."

"ಮುಸ್ಸಂಜೇಲಿ ಬಾಯಲ್ಲಿ ಕೆಟ್ಟದ್ದು ಬರಬಾರದು ಕಣವ್ವ. ಅಸ್ತು ದೇವತೆಗಳು ಓಡಾಡೋ ಹೊತ್ತು. ಅವು ಅಸ್ತು ಅಂದ್ಬುಟ್ರೆ ಆಡಿದ್ದು ಆಗೋಯ್ತದೆ."

"ಆಗಬಾರದ್ದು ಆಗ್ಲೇ ಆಗಿದೆ. ಕಾಲು ನೋಡ್ಕೊಳ್ಳಿ."

ಅಜ್ಜಿ ನೋಡಲಿಲ್ಲ. ತೆವಳಿಕೊಂಡು ಹೋಗಿ ದೀಪ ಹಚ್ಚಿ, ಸೆರಗು ಹೊದ್ದು ಗೋಡೆಗೆ ಕೈಮುಗಿದಳು.

"ದೊಡ್ಡತಾಯಮ್ಮನವರೇ, ಹೇಗಿದ್ದೀರಿ?" ಎಂದಿತು ಗೋಡೆ.

ಆ ಹುಣ್ಣನ್ನೇ ಹಿಸುಕಿ ಚೀರಿಸಿಬಿಡಲೇ ಎಂದು ಸ್ಟೆಲ್ಲಾಳಿಗೆ ಒಂದು ಗಳಿಗೆ ಅನ್ನಿಸಿತು. ಕೈ ಮುಂದಾಗಲಿಲ್ಲ.

"ಚೆಂದಾಗಿವ್ನಿ ಕಣಪ್ಪ," ಎಂದಳು ಅಜ್ಜಿ ಹಲ್ಲು ಕಚ್ಚಿಕೊಂಡು.

"ಹಾಗೇ ಆಗಲಿ," ಎಂದು ಎಲ್ಲರಿಗೂ ಹೇಳುವುದನ್ನೇ ಹೇಳಿ ಗೋಡೆ ಹಸಿರಾಯಿತು.

ಅಜ್ಜಿ ಸ್ಟೆಲ್ಲಾಳ ಕಡೆ ತಿರುಗಿದಳು. ಜ್ವರದಲ್ಲಿ ಬೇಯುತ್ತಿದ್ದ ಮುಖದಲ್ಲಿ ಗೆಲುವಿತ್ತು.

"ಕೇಳುಸ್ಕಂಡ್ಯಾ? ಅಸ್ತು ಅಂತು."