ಇಪ್ಪತ್ತು ವರ್ಷದ ಪರಿಚಯ

"ಇದು ಅವರಲ್ಲ," ಎಂದರು ಅಪ್ಪ. ಆರನೇ ಸಲ.

ಅವಳು ಲ್ಯಾಪ್‌ಟಾಪನ್ನು ಅವರ ಮೂಗಿನ ಹತ್ತಿರಕ್ಕೇ ಒಯ್ದಳು. "ಸರಿಯಾಗಿ ನೋಡಿ ಅಪ್ಪಾ. ಪೋಸ್ಟ್ ಮಾಸ್ಟರ್ ಅಲ್ಲದೆ ಇನ್ಯಾರಿದು?"

"ಅವರ ತಮ್ಮ ಇರಬಹುದು."

"ಅವರಿಗೆ ತಮ್ಮನೇ ಇಲ್ಲ!"

"ಅದಕ್ಕೇ ಹೇಳಿದ್ದು, ಎಲ್ಲೋ ಎಡವಟ್ಟಾಗಿದೆ ಅಂತ."

ಅವಳಿಗೆ ಮೈಯೆಲ್ಲ ಉರಿಯಿತು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಕೊನೆಯ ವರ್ಷದ ಪ್ರಾಜೆಕ್ಟ್ ಅದು. ಬದುಕಿರುವ ಒಬ್ಬರ ಮುಖವನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು. ಆ ಮುಖವನ್ನು ಹತ್ತು ವರ್ಷಕ್ಕೂ ಮೇಲೆ ಬಲ್ಲವರೊಬ್ಬರು ಪರೀಕ್ಷೆಯ ದಿನ ಬಂದು "ಇವರೇ" ಎನ್ನಬೇಕು. ಎನ್ನದಿದ್ದರೆ ಫೇಲು. ಸಾಕ್ಷಿಯ ಹೆಸರನ್ನು ವರ್ಷದ ಆರಂಭದಲ್ಲೇ ಬರೆದುಕೊಡಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಕಟಿಂಗ್ ಶಾಪಿನವರ ಮಗಳು ಅಪ್ಪನದಲ್ಲದೆ ಇನ್ಯಾರ ಹೆಸರು ಬರೆದಾಳು? ಪೋಸ್ಟ್ ಮಾಸ್ಟರ್ ಅಪ್ಪನ ಇಪ್ಪತ್ತು ವರ್ಷದ ಗಿರಾಕಿ. ಅಂಗಡಿ ಬಿಟ್ಟರೆ ಅಪ್ಪನಿಗೆ ಬೇರೆ ಲೋಕವೂ ಇರಲಿಲ್ಲ.

ಪರೀಕ್ಷೆ ನಾಳೆ. ಎಂಟು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವ ಹಾಗಿತ್ತು.

ಏನು ತಪ್ಪಿತ್ತು? ಸೊಟ್ಟ ಮೂಗು, ಒಂದೇ ಕಡೆಗೆ ಏರುವ ನಗು, ಹುಬ್ಬಿನ ಹಳೆಯ ಗಾಯ, ಯಾವುದನ್ನೂ ಬಿಟ್ಟಿರಲಿಲ್ಲ. ಹಿಂದಿನಿಂದ ಬೆಳಕು ಬಿದ್ದರೆ ಕಿವಿಯಂಚು ಕೆಂಪಾಗುವುದನ್ನು ತರಲು ಒಂದು ತಿಂಗಳು ಹಿಡಿದಿತ್ತು. ಪ್ರೊಫೆಸರ್ ಇನ್ನೂರು ಫೋಟೋಗಳ ಜೊತೆ ಹೋಲಿಸಿ "ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ" ಎಂದಿದ್ದರು. ಪೋಸ್ಟ್ ಮಾಸ್ಟರರ ಹೆಂಡತಿಯಂತೂ "ಅಯ್ಯೋ, ನಮ್ಮನೆಯವರು!" ಎಂದು ಕೂಗಿಬಿಟ್ಟಿದ್ದರು. ಸ್ವತಃ ಪೋಸ್ಟ್ ಮಾಸ್ಟರ್ ಮಾತ್ರ ತಲೆ ಕೆರೆದುಕೊಂಡು, "ನಾನು ಹೀಗಿದ್ದೀನಾ?" ಎಂದು ಕೇಳಿದ್ದರು. ತಮ್ಮ ರೂಪ ಯಾರಿಗೆ ತಾನೇ ಒಪ್ಪಿಗೆಯಾಗುತ್ತದೆ! ಅವಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಅವಳ ಅನುಮಾನವೆಲ್ಲ ಅಪ್ಪನ ಮೇಲೆ. ಅಂಗಡಿಯ ಪಕ್ಕದ ಕೋಣೆಯಲ್ಲಿ ಮಗಳು ಹೆಂಗಸರ ಪಾರ್ಲರ್ ಇಡಬೇಕೆಂಬುದು ಅವರ ಹಳೆಯ ಆಸೆ.

"ನಾನು ಪಾಸಾಗೋದು ನಿಮಗೆ ಬೇಡ, ಅಲ್ವಾ? 'ಇವರೇ' ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಅಪ್ಪನ ಮುಖ ಚಿಕ್ಕದಾಯಿತು. "ಸಾಕ್ಷಿಗೆ ಕರೆದು ಸುಳ್ಳು ಹೇಳು ಅಂತೀಯಲ್ಲೇ. ಇಪ್ಪತ್ತು ವರ್ಷದಿಂದ ಅವರ ಬೆನ್ನ ಹಿಂದೆ ನಿಂತಿದ್ದೀನಿ. ಅವರ ಮುಖ ನನಗೆ ಗೊತ್ತಿಲ್ವಾ?"

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಕುರ್ಚಿಯಲ್ಲಿ ಕುಳಿತ. ಅಪ್ಪ ಅವನಿಗೆ ಬಟ್ಟೆ ಹೊದಿಸಿ ಕತ್ತರಿ ಎತ್ತಿಕೊಂಡರು. ಅವಳು ಲ್ಯಾಪ್‌ಟಾಪನ್ನು ತೆರೆದಂತೆಯೇ ಹಿಂದಿನ ಬೆಂಚಿನ ಮೇಲೆ ಕುಕ್ಕಿ, ಪಕ್ಕದಲ್ಲಿ ತಲೆ ಹಿಡಿದು ಕುಳಿತಳು. ಅಳು ಒತ್ತರಿಸಿ ಬರುತ್ತಿತ್ತು.

ಕತ್ತರಿಯ ಸದ್ದು ಥಟ್ಟನೆ ನಿಂತಿತು.

"ಇವರೇ!" ಅಪ್ಪ ಕೂಗಿದರು. "ನೂರಕ್ಕೆ ನೂರು ಇವರೇ ಕಣೇ! ಇಷ್ಟು ಬೇಗ ಏನು ಸರಿ ಮಾಡಿದೆ?"

ಅವಳು ಏನನ್ನೂ ಮುಟ್ಟಿರಲಿಲ್ಲ. ತಲೆಯೆತ್ತಿದಳು.

ಅಪ್ಪ ಹಿಂದಕ್ಕೆ ತಿರುಗಿಯೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಎಲ್ಲಿ ನೋಡುತ್ತ ಬಂದಿದ್ದರೋ ಅಲ್ಲೇ ಪೋಸ್ಟ್ ಮಾಸ್ಟರರನ್ನು ನೋಡುತ್ತಿದ್ದರು, ಎಡ ಬಲವಾಗುವ ಎದುರಿನ ಕನ್ನಡಿಯಲ್ಲಿ.