ತಂಗಿ ಹಾಕಿದ ಚೆಂಡು

"ಆ ಯಂತ್ರ ನಿಲ್ಲಿಸು. ನೀನೇ ಹಾಕು," ಎಂದು ಅಕ್ಕ ಬ್ಯಾಟಿಗೆ ಒರಗಿ ನಿಂತಳು. ಯಂತ್ರದ ಬಾಯಿಗೆ ಚೆಂಡು ಇಡಲು ಹೊರಟಿದ್ದ ತಂಗಿಯ ಕೈ ಹಾಗೇ ನಿಂತಿತು. ತಂಗಿ ಎಸೆದ ಚೆಂಡೊಂದು ಪುಟಿದೆದ್ದು ಅಕ್ಕನ ದವಡೆ ಮುರಿದಂದಿನಿಂದ, ನೆಟ್ ಅಭ್ಯಾಸದಲ್ಲಿ ಅಕ್ಕನಿಗೆ ಚೆಂಡು ಹಾಕುತ್ತಿದ್ದುದು ಈ ಯಂತ್ರವೊಂದೇ. ಅದು ಹೇಳಿದಷ್ಟೇ ವೇಗದಲ್ಲಿ, ಹೇಳಿದ ಜಾಗಕ್ಕೇ ಎಸೆಯುತ್ತಿತ್ತು. ಹೊಡೆದೂ ಹೊಡೆದೂ ಅಕ್ಕನ ತೋಳು ಸೋತಿತ್ತೇ ಹೊರತು ಧೈರ್ಯ ಬಂದಿರಲಿಲ್ಲ. ಭಾನುವಾರ ಪಂದ್ಯ, ಅಲ್ಲಿ ಎಸೆಯುವವರು ಮನುಷ್ಯರೇ.

ತಂಗಿ ನಾಲ್ಕು ಹೆಜ್ಜೆ ಓಡಿ ಚೆಂಡು ಹಾಕಿದಳು. ಅದು ಕುಂಟುತ್ತ ಬಂದು ಬ್ಯಾಟಿಗೆ ತಾಗಿತು.

"ಏನೇ ಇದು, ತೊಟ್ಟಿಲ ಕೂಸನ್ನ ಆಡಿಸ್ತಿದ್ದೀಯಾ?"

"ಜೋರಾಗಿ ಹಾಕೋಕೆ ಕೈ ಬರಲ್ಲ ಕಣೇ ಅಕ್ಕ. ಅವತ್ತಿಂದ ಯಾರಿಗೂ ಹಾಕಿಲ್ಲ. ಕಾಲುನೋವು ಅಂತ ಎಲ್ರಿಗೂ ಸುಳ್ಳು ಹೇಳ್ಕೊಂಡು ಬಂದಿದ್ದೀನಿ."

ಇಷ್ಟು ದಿನ ಹೆದರಿದವಳು ತಾನೊಬ್ಬಳೇ ಎಂದುಕೊಂಡಿದ್ದಳು ಅಕ್ಕ. ತಂಗಿಯ ಬಳಿಗೆ ಹೋಗಿ, ಹೆಲ್ಮೆಟ್ ತೆಗೆದು, ತಂಗಿಯ ಬೆರಳುಗಳನ್ನು ತನ್ನ ದವಡೆಯ ಮೇಲೆ ಒತ್ತಿ ಹಿಡಿದಳು.

"ಮುಟ್ಟಿ ನೋಡು. ಮೂಳೆ ಕೂಡ್ಕೊಂಡಿದೆ. ಊಟಾನೂ ಮಾಡ್ತೀನಿ, ನಿನ್ನ ಬೈಯೋಕೂ ಆಗುತ್ತೆ. ಇನ್ನೇನು ಬೇಕು?"

ತಂಗಿ ಮೂಗೊರೆಸಿಕೊಂಡು ನಕ್ಕಳು. ಅಕ್ಕ ಹೆಲ್ಮೆಟ್ ಹಾಕಿಕೊಂಡು ಮತ್ತೆ ವಿಕೆಟ್ ಮುಂದೆ ಬಂದು ನಿಂತಳು. ಹೆದರಿಕೆ ಇನ್ನೂ ಇತ್ತು, ಇದ್ದರೆ ಇರಲಿ ಎಂದು ಬಿಟ್ಟಳು. ಆ ಕಡೆ ತಂಗಿ ಚೆಂಡನ್ನು ತೊಡೆಗೆ ಉಜ್ಜುತ್ತ ಮೈದಾನದ ಬೇಲಿಯವರೆಗೂ ನಡೆದು ಹೋಗಿ, ತಿರುಗಿ, ಅಲ್ಲಿಂದ ಓಡಿ ಬರತೊಡಗಿದಳು.